ಶಾನನ್ ಹೋಯಿತು, ಓಗ್ಲಾಲಾ ಲಕೋಟಾ ಬಂತು

ಅಮೆರಿಕದ ಒಂದು ಹಳ್ಳಿಗಾಡಿನ ಕೌಂಟಿ ತನ್ನ ಜನರ ಹೆಸರನ್ನೇ ತನಗೆ ಇಟ್ಟುಕೊಳ್ಳಲು 140 ವರ್ಷ ಕಾಯಬೇಕಾಯಿತು. ನಕಾಶೆಯ ಮೇಲಿನ ಒಂದು ಹೆಸರಿನ ಹಿಂದೆ ಎಷ್ಟೆಲ್ಲ ಚರಿತ್ರೆ ಅಡಗಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮನೆಯಲ್ಲೋ ಶಾಲೆಯ ಗ್ರಂಥಾಲಯದಲ್ಲೋ ಅಮೆರಿಕದ ವಿವರವಾದ ಹಳೆಯ ಅಟ್ಲಾಸ್ ಇದ್ದರೆ ಒಮ್ಮೆ ತೆರೆದು ನೋಡಿ. ದೇಶದ ಉತ್ತರ ಭಾಗದ ನಡುವೆ ದಕ್ಷಿಣ ಡಕೋಟಾ ಎಂಬ ರಾಜ್ಯವಿದೆ. ಅದರ ನೈರುತ್ಯ ಭಾಗದಲ್ಲಿ, ನೆಬ್ರಾಸ್ಕಾ ರಾಜ್ಯದ ಗಡಿಗೆ ತಾಗಿಕೊಂಡಂತೆ ‘ಶಾನನ್’ ಎಂಬ ಕೌಂಟಿ ಕಾಣುತ್ತದೆ. 2015ರ ನಂತರ ಅಚ್ಚಾದ ಅಟ್ಲಾಸ್‌ನಲ್ಲಿ ಎಷ್ಟು ಹುಡುಕಿದರೂ ಈ ಹೆಸರು ಅಲ್ಲಿ ಸಿಗುವುದಿಲ್ಲ. ಆ ಜಾಗದಲ್ಲಿ ‘ಓಗ್ಲಾಲಾ ಲಕೋಟಾ’ ಎಂದು ಬರೆದಿರುತ್ತದೆ. ನೆಲ ಅದೇ, ಗಡಿ ಅದೇ, ಜನರೂ ಅವರೇ. ಬದಲಾದದ್ದು ಹೆಸರೊಂದೇ.

ಹೆಸರು ಬದಲಾದರೆ ಏನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಮೊದಲ ಹೆಸರು ಬಂದದ್ದು ಹೇಗೆ, ಎರಡನೆಯದು ಬಂದದ್ದು ಹೇಗೆ ಎಂದು ನೋಡಿದರೆ ಒಂದು ಜನಾಂಗದ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಕೌಂಟಿ ಎಂದರೇನು?

ಅಮೆರಿಕದ ಪ್ರತಿ ರಾಜ್ಯವನ್ನೂ ಆಡಳಿತದ ಅನುಕೂಲಕ್ಕಾಗಿ ಕೌಂಟಿಗಳೆಂದು ವಿಂಗಡಿಸಲಾಗಿದೆ. ಸ್ಥೂಲವಾಗಿ ನಮ್ಮ ಜಿಲ್ಲೆಗಳಿಗೆ ಇವನ್ನು ಹೋಲಿಸಬಹುದು. ಲೂಸಿಯಾನಾದಲ್ಲಿ ಇವನ್ನು ‘ಪ್ಯಾರಿಷ್’ ಎಂದೂ, ಅಲಾಸ್ಕಾದಲ್ಲಿ ‘ಬರೋ’ ಎಂದೂ ಕರೆಯುತ್ತಾರೆ. ಇಡೀ ದೇಶದಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚು ಇವೆ. ಪುಟ್ಟ ಡೆಲವೇರ್‌ನಲ್ಲಿ ಕೇವಲ 3, ಟೆಕ್ಸಾಸ್‌ನಲ್ಲಿ 254! ದಕ್ಷಿಣ ಡಕೋಟಾದಲ್ಲಿ 66 ಇವೆ.

ನಮ್ಮ ಜಿಲ್ಲಾಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿ ಹಾಗಲ್ಲ. ಕೌಂಟಿಯ ಆಡಳಿತ ನಡೆಸುವ ಕಮಿಷನರುಗಳು, ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥನಾದ ಷೆರಿಫ್, ತೆರಿಗೆಯ ಲೆಕ್ಕ ನೋಡುವ ಖಜಾಂಚಿ ಮುಂತಾದವರನ್ನು ಸಾಮಾನ್ಯವಾಗಿ ಜನರೇ ಮತ ಹಾಕಿ ಆರಿಸುತ್ತಾರೆ. ಈ ಸಂಗತಿ ನೆನಪಿರಲಿ. ಮುಂದೆ ಬರುವ ಕಥೆಗೆ ಇದೇ ಕೀಲಿಕೈ.

ಕೌಂಟಿಗಳ ಹೆಸರುಗಳು ಬಂದದ್ದು ಹೆಚ್ಚಾಗಿ ಅಧ್ಯಕ್ಷರು, ರಾಜ್ಯಪಾಲರು, ಸೇನಾನಿಗಳು, ಶಾಸಕರಿಂದ. ಸುಮಾರು 30 ರಾಜ್ಯಗಳಲ್ಲಿ ವಾಷಿಂಗ್‌ಟನ್ ಹೆಸರಿನ ಕೌಂಟಿಗಳಿವೆ. ನಾವು ಹೇಳಹೊರಟಿರುವ ಕೌಂಟಿಯ ನೆರೆಹೊರೆಯನ್ನೇ ನೋಡಿ. ಉತ್ತರಕ್ಕೆ ಪೆನ್ನಿಂಗ್‌ಟನ್ ಕೌಂಟಿ: ಆತ ಅಂದಿನ ಡಕೋಟಾ ಪ್ರಾಂತದ ಗವರ್ನರ್. ದಕ್ಷಿಣಕ್ಕೆ, ನೆಬ್ರಾಸ್ಕಾದ ಷೆರಿಡನ್ ಮತ್ತು ಡಾಸ್ ಕೌಂಟಿಗಳು: ಒಬ್ಬ ಸೇನಾಧಿಕಾರಿ, ಇನ್ನೊಬ್ಬ ಆ ರಾಜ್ಯದ ಗವರ್ನರ್. ವಾಯವ್ಯಕ್ಕೆ ಕಸ್ಟರ್ ಕೌಂಟಿ: ಮೂಲನಿವಾಸಿಗಳೊಡನೆ ಹೋರಾಡುತ್ತಲೇ 1876ರಲ್ಲಿ ಸತ್ತ ದಂಡನಾಯಕ ಜಾರ್ಜ್ ಆರ್ಮ್‌ಸ್ಟ್ರಾಂಗ್ ಕಸ್ಟರನ ಹೆಸರು. ಶತಮಾನಗಳಿಂದ ಅಲ್ಲಿ ಬಾಳಿದವರ ಹೆಸರಲ್ಲ, ಅಲ್ಲಿಗೆ ಬಂದವರ ಹೆಸರು.

ಲಕೋಟಾ ಜನ

‘ಲಕೋಟಾ’ ಎಂದೊಡನೆ ನಮಗೆ ಅಂಚೆಯ ಲಕೋಟೆ ನೆನಪಾಗುವುದು ಸಹಜ. ಆದರೆ ಇವೆರಡಕ್ಕೂ ಏನೇನೂ ಸಂಬಂಧವಿಲ್ಲ. ಆ ಜನರ ಭಾಷೆಯಲ್ಲಿ ಲಕೋಟಾ ಎಂದರೆ ಮಿತ್ರರು, ಒಂದಾಗಿ ಕೂಡಿದವರು ಎಂಬರ್ಥ. ರಾಜ್ಯದ ಹೆಸರಾದ ‘ಡಕೋಟಾ’ ಕೂಡ ಇದೇ ಮಾತಿನ ಇನ್ನೊಂದು ಉಚ್ಚಾರ. ಲಕೋಟಾ ಜನರಲ್ಲಿ ಏಳು ಪಂಗಡಗಳಿವೆ. ಅವುಗಳಲ್ಲಿ ಓಗ್ಲಾಲಾ ಒಂದು. ‘ತಮ್ಮದನ್ನು ಚದುರಿಸುವವರು’ ಎಂದು ಆ ಪದವನ್ನು ಅರ್ಥೈಸುತ್ತಾರೆ.

ಹೊರಗಿನವರು ಇವರನ್ನು ಕರೆದದ್ದು ‘ಸೂ’ ಎಂದು. ನೆರೆಯ ಒಜಿಬ್ವೆ ಜನ ಇವರನ್ನು ಕರೆಯುತ್ತಿದ್ದ ಉದ್ದನೆಯ ಹೆಸರೊಂದನ್ನು ಫ್ರೆಂಚ್ ವ್ಯಾಪಾರಿಗಳು ಕೇಳಿಸಿಕೊಂಡು, ಅದರ ಬಾಲವನ್ನಷ್ಟೇ ಉಳಿಸಿಕೊಂಡದ್ದರಿಂದ ಬಂದ ಹೆಸರು ಅದು. ಇನ್ನು ‘ರೆಡ್ ಇಂಡಿಯನ್’ ಎಂಬ, ನಮ್ಮ ಪಠ್ಯಪುಸ್ತಕಗಳಲ್ಲೂ ಬಳಕೆಯಲ್ಲಿದ್ದ ಹೆಸರಂತೂ ಕೊಲಂಬಸನ ತಪ್ಪು ಲೆಕ್ಕದ ಫಲ. ತಾನು ಮುಟ್ಟಿದ್ದು ಇಂಡೀಸ್ ಎಂದು ಅವನು ತಿಳಿದ. ಅಲ್ಲಿನವರು ‘ಇಂಡಿಯನ್’ ಆದರು! ಹೀಗೆ ಈ ಜನರಿಗೆ ಅವರದಲ್ಲದ ಹೆಸರುಗಳ ಹೊರೆ ಮೊದಲಿನಿಂದಲೂ ಇತ್ತು.

ಕುದುರೆ ಸವಾರಿಯಲ್ಲಿ ನುರಿತ, ಕಾಡುಕೋಣದಂಥ ಬೈಸನ್‌ಗಳ ಬೇಟೆಯಿಂದ ಬದುಕುತ್ತಿದ್ದ ಓಗ್ಲಾಲಾ ಪಂಗಡದಲ್ಲಿ ಹೆಸರಾಂತ ನಾಯಕರು ಆಗಿಹೋಗಿದ್ದಾರೆ. ಅವರಲ್ಲಿ ರೆಡ್ ಕ್ಲೌಡ್ ಮತ್ತು ಕ್ರೇಜಿ ಹಾರ್ಸ್ ಮುಖ್ಯರು. ತಮ್ಮ ಬೇಟೆಯ ನೆಲದ ಮೂಲಕ ರಸ್ತೆ ಮಾಡಿ ಕೋಟೆಗಳನ್ನು ಕಟ್ಟಿದ ಅಮೆರಿಕದ ಸೇನೆಯ ವಿರುದ್ಧ ರೆಡ್ ಕ್ಲೌಡ್ 1866ರಿಂದ 1868ರವರೆಗೆ ಯುದ್ಧ ನಡೆಸಿದ. ಕೊನೆಗೆ ಸರ್ಕಾರವೇ ಆ ಕೋಟೆಗಳನ್ನು ತೆರವು ಮಾಡಬೇಕಾಯಿತು.

1868ರಲ್ಲಿ ಫೋರ್ಟ್ ಲಾರಮಿ ಎಂಬಲ್ಲಿ ಒಪ್ಪಂದವಾಯಿತು. ಮಿಸ್ಸೂರಿ ನದಿಯ ಪಶ್ಚಿಮಕ್ಕೆ ಇಂದಿನ ದಕ್ಷಿಣ ಡಕೋಟಾದ ಅರ್ಧಭಾಗವೆಲ್ಲ ಈ ಜನರಿಗೇ ಮೀಸಲು ಎಂದು ಸರ್ಕಾರ ಬರೆದುಕೊಟ್ಟಿತು. ಮುಂದೆ ಈ ನೆಲದಲ್ಲಿ ಯಾವುದೇ ಭಾಗವನ್ನು ಪಡೆಯಬೇಕಾದರೂ ವಯಸ್ಕ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಒಪ್ಪಿ ರುಜು ಹಾಕಲೇಬೇಕು ಎಂಬ ಷರತ್ತೂ ಅದರಲ್ಲಿತ್ತು.

ಕಾಗದದ ಮೇಲೆ ಹುಟ್ಟಿದ ಕೌಂಟಿ

ಒಪ್ಪಂದಕ್ಕೆ ಆರು ವರ್ಷ ತುಂಬುವಷ್ಟರಲ್ಲಿ ಪರಿಸ್ಥಿತಿ ಬದಲಾಯಿತು. 1874ರಲ್ಲಿ ಕಸ್ಟರನ ನೇತೃತ್ವದ ದಂಡು ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ಚಿನ್ನವಿರುವ ಸುದ್ದಿ ತಂದಿತು. ಲಕೋಟಾ ಜನರಿಗೆ ಆ ಬೆಟ್ಟಗಳು ಪವಿತ್ರ. ಚಿನ್ನದ ಬೇಟೆಗಾರರಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಸಾವಿರಾರು ಮಂದಿ ನುಗ್ಗಿದರು.

ಇದೇ ಹೊತ್ತಿನಲ್ಲಿ, ಅಂದರೆ 1875ರಲ್ಲಿ, ಡಕೋಟಾ ಪ್ರಾಂತದ ಶಾಸನಸಭೆ ಮಿಸ್ಸೂರಿಯ ಪಶ್ಚಿಮದ ನೆಲದ ಮೇಲೆ ಗೆರೆ ಎಳೆದು ಹೊಸ ಕೌಂಟಿಗಳನ್ನು ಸೃಷ್ಟಿಸಿತು. ಪೆನ್ನಿಂಗ್‌ಟನ್, ಕಸ್ಟರ್, ಲಾರೆನ್ಸ್ ಹುಟ್ಟಿದ್ದು ಹೀಗೆ. ಶಾನನ್ ಕೌಂಟಿ ಹುಟ್ಟಿದ್ದೂ ಆಗಲೇ. ಒಪ್ಪಂದದ ಪ್ರಕಾರ ಆ ನೆಲವೆಲ್ಲ ಲಕೋಟಾ ಜನರದು ಎಂಬುದನ್ನು ಇಲ್ಲಿ ಗಮನಿಸಬೇಕು. ಅಲ್ಲಿ ವಾಸವಾಗಿದ್ದವರನ್ನು ಯಾರೂ ಕೇಳಲಿಲ್ಲ. ಕೇಳುವ ಪ್ರಶ್ನೆಯೂ ಅಂದು ಏಳಲಿಲ್ಲ.

ಈ ಶಾನನ್ ಯಾರು? ಪೀಟರ್ ಸಿ. ಶಾನನ್ ಪೆನ್ಸಿಲ್ವೇನಿಯಾದಿಂದ ಬಂದ ವಕೀಲ. 1873ರಲ್ಲಿ ಅಧ್ಯಕ್ಷ ಗ್ರಾಂಟ್ ಆತನನ್ನು ಡಕೋಟಾ ಪ್ರಾಂತದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿದ. ಹೊಸ ಕೌಂಟಿಗೆ ಆತನ ಹೆಸರು ಬಂದದ್ದು ಈ ಪದವಿಯ ಗೌರವಾರ್ಥವಾಗಿ. ಆದರೆ ಓಗ್ಲಾಲಾ ಜನ ಆತನನ್ನು ನೆನಪಿಟ್ಟುಕೊಂಡದ್ದು ಬೇರೆ ಕಾರಣಕ್ಕೆ.

1877ರಲ್ಲಿ ಸಂಸತ್ತು ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಕಾನೂನಿನ ಮೂಲಕ ತೆಗೆದುಕೊಂಡಿತು. ನಾಲ್ಕರಲ್ಲಿ ಮೂರು ಪಾಲು ರುಜುಗಳು ಬೇಕಾಗಿದ್ದಲ್ಲಿ ಸಿಕ್ಕಿದ್ದು ಸುಮಾರು ಹತ್ತರಲ್ಲಿ ಒಂದು ಪಾಲಿನವರದು ಮಾತ್ರ. ಉಳಿದ ನೆಲದ ಮೇಲೂ ಕಣ್ಣು ಬಿತ್ತು. ಅದನ್ನು ತುಂಡು ತುಂಡು ಮಾಡಿ, ಒಂದು ಕೋಟಿ ಎಕರೆಗೂ ಹೆಚ್ಚು ಭಾಗವನ್ನು ಬಿಟ್ಟುಕೊಡುವಂತೆ ಜನರನ್ನು ಒಪ್ಪಿಸಲು 1882ರಲ್ಲಿ ಮೂವರ ಆಯೋಗವೊಂದು ಹೊರಟಿತು. ಮಾಜಿ ಗವರ್ನರ್ ನ್ಯೂಟನ್ ಎಡ್ಮಂಡ್ಸ್ ಅದರ ಮುಖ್ಯಸ್ಥ. ಸದಸ್ಯರಲ್ಲಿ ಒಬ್ಬ ಇದೇ ಶಾನನ್.

ಆಯೋಗಕ್ಕೆ ಬೇಕಾದಷ್ಟು ರುಜುಗಳು ದೊರೆಯಲಿಲ್ಲ. ಚಿಕ್ಕ ಹುಡುಗರಿಂದಲೂ ಗುರುತು ಹಾಕಿಸಿಕೊಂಡದ್ದು ನಂತರ ಬಯಲಿಗೆ ಬಂತು. ಸೆನೆಟ್ ಸಮಿತಿಯೊಂದು 1883ರಲ್ಲಿ ವಿಚಾರಣೆ ನಡೆಸಿತು. ಆ ಒಪ್ಪಂದ ಬಿದ್ದುಹೋಯಿತು. ಆದರೆ ಬಿಡುಗಡೆ ಸಿಕ್ಕಿದ್ದು ಕೆಲವೇ ವರ್ಷ. 1889ರಲ್ಲಿ ಬೇರೆ ಆಯೋಗ, ಬೇರೆ ಕಾಯಿದೆ ಬಂದವು. ಸುಮಾರು 90 ಲಕ್ಷ ಎಕರೆ ಕೈಬಿಟ್ಟಿತು. ಉಳಿದದ್ದು ಆರು ಬಿಡಿ ಮೀಸಲು ಪ್ರದೇಶಗಳಾದವು. ಓಗ್ಲಾಲಾ ಜನರ ಪಾಲಿಗೆ ಬಂದದ್ದು ಪೈನ್ ರಿಜ್. ಅಮೆರಿಕದ ಇಂಗ್ಲಿಷಿನಲ್ಲಿ ಇಂಥ ಪ್ರದೇಶಗಳನ್ನು ‘ರಿಸರ್ವೇಶನ್’ ಎನ್ನುತ್ತಾರೆ. ನಮ್ಮ ಮೀಸಲಾತಿಗೂ ಇದಕ್ಕೂ ಸಂಬಂಧವಿಲ್ಲ. ಇದು ಮೂಲನಿವಾಸಿಗಳಿಗೆ ಬಿಟ್ಟ ನೆಲ.

ಇಡೀ ಶಾನನ್ ಕೌಂಟಿ ಈ ಪೈನ್ ರಿಜ್ ಮೀಸಲು ಪ್ರದೇಶದ ಒಳಗೇ ಇದೆ. ತಮ್ಮ ನೆಲವನ್ನು ಕೇಳಲು ಬಂದಿದ್ದವನ ಹೆಸರಿನ ಕೌಂಟಿಯಲ್ಲಿ ಓಗ್ಲಾಲಾ ಜನ ಬದುಕಬೇಕಾಗಿ ಬಂದದ್ದು ಹೀಗೆ.

ಗಾಯದ ನೆಲ

ಈ ಕೌಂಟಿಯಲ್ಲಿ ವೂಂಡೆಡ್ ನೀ ಎಂಬ ಹಳ್ಳಿಯಿದೆ. ‘ಗಾಯಗೊಂಡ ಮಂಡಿ’ ಎಂದು ಆ ಹೆಸರಿನ ಅರ್ಥ. 1890ರ ಡಿಸೆಂಬರ್ 29ರಂದು, ಅಲ್ಲಿನ ಹಳ್ಳದ ಬಳಿ ಬಿಡಾರ ಹೂಡಿದ್ದ ಲಕೋಟಾ ಗುಂಪೊಂದನ್ನು ಏಳನೆಯ ಅಶ್ವದಳ ಸುತ್ತುವರಿಯಿತು. ಆಯುಧ ಕಿತ್ತುಕೊಳ್ಳುವಾಗ ಗುಂಡು ಹಾರಿತು. ನಂತರ ನಡೆದದ್ದು ಹತ್ಯಾಕಾಂಡ. ಸತ್ತವರು 250ರಿಂದ 300. ಅವರಲ್ಲಿ ಹೆಂಗಸರು, ಮಕ್ಕಳೇ ಬಹಳ. 1990ರಲ್ಲಿ, ನೂರು ವರ್ಷ ಕಳೆದ ಮೇಲೆ, ಅಮೆರಿಕದ ಸಂಸತ್ತು ಇದಕ್ಕಾಗಿ ವಿಷಾದ ಸೂಚಿಸಿತು.

1973ರಲ್ಲಿ ಇದೇ ಹಳ್ಳಿ ಮತ್ತೆ ಸುದ್ದಿಗೆ ಬಂತು. ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್ ಸಂಘಟನೆಯವರು ಮತ್ತು ಓಗ್ಲಾಲಾ ಜನ ಹಳ್ಳಿಯನ್ನು ಹಿಡಿದುಕೊಂಡು 71 ದಿನ ಸರ್ಕಾರದ ಪಡೆಗಳ ಎದುರು ನಿಂತರು.

ಹೋರಾಟ ನ್ಯಾಯಾಲಯದಲ್ಲೂ ನಡೆಯಿತು. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಗೆ ಪರಿಹಾರ ಕೊಡಲೇಬೇಕೆಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಡ್ಡಿ ಸೇರಿ ಮೊತ್ತ ಹತ್ತು ಕೋಟಿ ಡಾಲರ್ ದಾಟಿತ್ತು. ಬಡತನದಲ್ಲಿ ಮುಳುಗಿದ್ದ ಜನ ಆ ಹಣವನ್ನು ಮುಟ್ಟಲಿಲ್ಲ. ‘ಬೆಟ್ಟಗಳು ಮಾರಾಟಕ್ಕಿಲ್ಲ’ ಎಂಬುದು ಅವರ ನಿಲುವು. ಖಜಾನೆಯಲ್ಲೇ ಬೆಳೆಯುತ್ತ ಆ ಮೊತ್ತ ನೂರು ಕೋಟಿ ಡಾಲರನ್ನೂ ಮೀರಿದೆ.

ಮತದ ಹಕ್ಕು ಬಂದ ಬಗೆ

ಹೆಸರಿನ ಕಥೆಗೆ ನೇರವಾಗಿ ಸಂಬಂಧಿಸಿದ್ದು ಇನ್ನೊಂದು ಹೋರಾಟ. ಅದು ಮತದ ಹಕ್ಕಿನದು. ವಿದ್ಯಾರ್ಥಿಗಳು ಗಮನಿಸಬೇಕಾದ ಭಾಗವೂ ಇದೇ.

ತಮ್ಮದೇ ನೆಲದ ಈ ಜನರೆಲ್ಲ ಅಮೆರಿಕದ ಪ್ರಜೆಗಳೆಂದು ಕಾನೂನು ಒಪ್ಪಿಕೊಂಡದ್ದು 1924ರಲ್ಲಿ. ಆದರೂ ಬುಡಕಟ್ಟಿನ ಬಾಂಧವ್ಯ ಇಟ್ಟುಕೊಂಡವರು ಮತ ಹಾಕುವಂತಿಲ್ಲ ಎಂಬ ನಿಯಮ ದಕ್ಷಿಣ ಡಕೋಟಾದ ಕಾನೂನಿನಲ್ಲಿ 1951ರವರೆಗೂ ಉಳಿದಿತ್ತು.

ಅದು ಹೋದ ಮೇಲೂ ಇನ್ನೊಂದು ತೊಡಕು ಉಳಿಯಿತು. ಶಾನನ್, ಟಾಡ್, ವಾಷಬಾ ಎಂಬ ಮೂರು ಕೌಂಟಿಗಳು ‘ಅಸಂಘಟಿತ’ ಕೌಂಟಿಗಳು. ಎಂದರೆ ನಕಾಶೆಯ ಮೇಲೆ ಅವುಗಳಿಗೆ ಹೆಸರು, ಗಡಿ ಎಲ್ಲ ಇದ್ದವು, ಸ್ವಂತ ಆಡಳಿತ ಇರಲಿಲ್ಲ. ಮೂರರಲ್ಲೂ ಮೂಲನಿವಾಸಿಗಳೇ ಹೆಚ್ಚು. ಅವುಗಳ ಆಡಳಿತವನ್ನು ನೆರೆಯ ಕೌಂಟಿಗೆ ಗಂಟುಹಾಕಲಾಗಿತ್ತು. ಶಾನನ್ ಕೌಂಟಿಯನ್ನು ನೋಡಿಕೊಳ್ಳುತ್ತಿದ್ದುದು ಪಶ್ಚಿಮದ ಫಾಲ್ ರಿವರ್ ಕೌಂಟಿಯ ಅಧಿಕಾರಿಗಳು. ಆ ಅಧಿಕಾರಿಗಳನ್ನು ಆರಿಸುವ ಚುನಾವಣೆಯಲ್ಲಿ ಮಾತ್ರ ಶಾನನ್ ಜನ ಮತ ಹಾಕುವಂತಿರಲಿಲ್ಲ! ಆಡಳಿತ ಅವರ ಮೇಲೆ, ಆಯ್ಕೆ ಬೇರೆಯವರದು.

1975ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದನ್ನು ಸಂವಿಧಾನಬಾಹಿರ ಎಂದು ಹೇಳಿತು. ತಮ್ಮನ್ನು ಆಳುವವರನ್ನು ಆರಿಸುವ ಹಕ್ಕು ಅಸಂಘಟಿತ ಕೌಂಟಿಯವರಿಗೂ ಇದೆ ಎಂಬುದು ತೀರ್ಪಿನ ಸಾರ. 1982ರಲ್ಲಿ ಶಾನನ್ ಕೌಂಟಿ ಕೊನೆಗೂ ಸಂಘಟಿತವಾಯಿತು. ಗೆರೆ ಎಳೆದು ಆಗಲೇ 107 ವರ್ಷ ಕಳೆದಿತ್ತು.

ಹೀಗೆ ಗಳಿಸಿದ ಮತದ ಬೆಲೆ ಎಷ್ಟೆಂಬುದು 2002ರಲ್ಲಿ ಇಡೀ ಅಮೆರಿಕಕ್ಕೆ ಗೊತ್ತಾಯಿತು. ಆ ವರ್ಷದ ಸೆನೆಟ್ ಚುನಾವಣೆಯ ಎಣಿಕೆಯಲ್ಲಿ ಕೊನೆಯವರೆಗೂ ಹಿಂದಿದ್ದ ಟಿಮ್ ಜಾನ್ಸನ್, ಶಾನನ್ ಕೌಂಟಿಯ ಮತಗಳ ಲೆಕ್ಕ ಸಿಕ್ಕ ಮೇಲೆ ಮುಂದೆ ಬಂದರು. ಅವರು ಗೆದ್ದದ್ದು ಕೇವಲ 524 ಮತಗಳಿಂದ.

ಮತಪೆಟ್ಟಿಗೆಯಿಂದ ಬಂದ ಹೆಸರು

ಹೆಸರು ಬದಲಿಸಬೇಕೆಂಬ ಅರ್ಜಿಗೆ ಕೌಂಟಿಯ ನಿವಾಸಿಗಳು ರುಜು ಹಾಕಿದರು. 2014ರ ನವೆಂಬರ್ 4ರ ಚುನಾವಣೆಯಲ್ಲಿ ಪ್ರಶ್ನೆಯನ್ನು ಜನರ ಮುಂದಿಡಲಾಯಿತು: ಶಾನನ್ ಎಂಬ ಹೆಸರು ತೆಗೆದು ಓಗ್ಲಾಲಾ ಲಕೋಟಾ ಎಂದು ಇಡಬೇಕೇ? ಮತ ಹಾಕಿದ ನೂರರಲ್ಲಿ ಸುಮಾರು 80 ಮಂದಿ ‘ಹೌದು’ ಎಂದರು. 2015ರ ಮಾರ್ಚ್‌ನಲ್ಲಿ ರಾಜ್ಯದ ಶಾಸನಸಭೆ ಒಪ್ಪಿತು. ಗವರ್ನರ್ ಘೋಷಣೆ ಹೊರಡಿಸಿದರು. 2015ರ ಮೇ 1ರಿಂದ ಹೊಸ ಹೆಸರು ಜಾರಿಗೆ ಬಂತು.

ಹೆಸರು ಬದಲಾದರೆ ಬೋರ್ಡು, ನಕಾಶೆ, ಕಾಗದಪತ್ರಗಳಷ್ಟೇ ಅಲ್ಲ, ಅಂಕಿಗಳೂ ಬದಲಾಗುತ್ತವೆ. ಅಮೆರಿಕದಲ್ಲಿ ಪ್ರತಿ ಕೌಂಟಿಗೂ ಐದಂಕಿಯ ಸಂಕೇತ ಸಂಖ್ಯೆಯಿದೆ. ಮೊದಲ ಎರಡಂಕಿ ರಾಜ್ಯಕ್ಕೆ, ಉಳಿದ ಮೂರು ಕೌಂಟಿಗೆ. ಕೌಂಟಿಗಳನ್ನು ಇಂಗ್ಲಿಷ್ ಅಕಾರಾದಿಯಲ್ಲಿ ಜೋಡಿಸಿ 1, 3, 5 ಎಂದು ಬೆಸ ಸಂಖ್ಯೆಗಳನ್ನಷ್ಟೇ ಕೊಡುತ್ತ ಹೋಗಿದ್ದಾರೆ. ಮುಂದೆ ಹೊಸ ಹೆಸರು ಬಂದರೆ ನಡುವೆ ಸೇರಿಸಲು ಜಾಗ ಇರಲಿ ಎಂಬ ಮುಂದಾಲೋಚನೆ. ಶಾನನ್‌ಗೆ ಇದ್ದದ್ದು 46113. ಓಗ್ಲಾಲಾ ಲಕೋಟಾ ಎಂದಾದ ಮೇಲೆ ಅಕಾರಾದಿಯಲ್ಲಿ ಅದರ ಸ್ಥಾನ ಮೂಡಿ (46101) ಮತ್ತು ಪೆನ್ನಿಂಗ್‌ಟನ್ (46103) ಕೌಂಟಿಗಳ ನಡುವೆ. ಹಾಗಾಗಿ ಹೊಸ ಸಂಖ್ಯೆ 46102. ಹಳೆಯ ಜನಗಣತಿಯ ಅಂಕಿಗಳನ್ನು ಹೊಸದರೊಂದಿಗೆ ಹೋಲಿಸುವ ವಿದ್ಯಾರ್ಥಿಗಳು ಇದನ್ನು ಮರೆತರೆ ಒಂದು ಕೌಂಟಿಯೇ ಮಾಯವಾದಂತೆ ಕಂಡೀತು!

ಬೇರೆಡೆಯೂ ಇಂಥ ಬದಲಾವಣೆಗಳಾಗಿವೆ. ಅದೇ 2015ರಲ್ಲಿ ಅಲಾಸ್ಕಾದ ವೇಡ್ ಹ್ಯಾಂಪ್ಟನ್ ಎಂಬ ಗಣತಿ ಪ್ರದೇಶ ಕುಸಿಲ್ವಾಕ್ ಆಯಿತು. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ರಾಜ್ಯಗಳ ಸೇನಾನಿಯಾಗಿದ್ದ ಹ್ಯಾಂಪ್ಟನ್‌ನ ಹೆಸರನ್ನು ಅಲ್ಲಿಗೆ ತಂದಿದ್ದವನು ಅವನ ಅಳಿಯ, ಒಬ್ಬ ನ್ಯಾಯಾಧೀಶ. ವಾಷಿಂಗ್‌ಟನ್ ರಾಜ್ಯದ ಕಿಂಗ್ ಕೌಂಟಿಯವರು ಇನ್ನೂ ಜಾಣ ದಾರಿ ಹಿಡಿದರು. ಗುಲಾಮರನ್ನು ಇಟ್ಟುಕೊಂಡಿದ್ದ ವಿಲಿಯಂ ರೂಫಸ್ ಕಿಂಗ್ ಬದಲು, ಇನ್ನು ಮೇಲೆ ಈ ಹೆಸರು ಮಾರ್ಟಿನ್ ಲೂಥರ್ ಕಿಂಗ್ ಅವರದು ಎಂದು 1986ರಲ್ಲಿ ನಿರ್ಣಯಿಸಿದರು. ಒಂದಕ್ಷರವೂ ಬದಲಾಗಲಿಲ್ಲ!

ಹೆಸರು ಬದಲಿಸುವುದು ಎಲ್ಲೆಡೆ ಸುಲಭವಲ್ಲ. ಓಗ್ಲಾಲಾ ಲಕೋಟಾ ಕೌಂಟಿಗೆ ಸಮೀಪದಲ್ಲಿ, ಬ್ಲ್ಯಾಕ್ ಹಿಲ್ಸ್‌ನ ಅತಿ ಎತ್ತರದ ಶಿಖರಕ್ಕೆ ಹಾರ್ನಿ ಎಂಬ ಸೇನಾಧಿಕಾರಿಯ ಹೆಸರಿತ್ತು. 1855ರಲ್ಲಿ ಲಕೋಟಾ ಬಿಡಾರವೊಂದರ ಮೇಲೆ ನಡೆದ, ಹೆಂಗಸರು ಮಕ್ಕಳೂ ಸತ್ತ ದಾಳಿಗೆ ಮುಂದಾಳು ಅವನೇ. ಹೆಸರು ಬದಲಿಸುವುದು ಬೇಡ ಎಂದು ರಾಜ್ಯದ ಮಂಡಳಿ ಹೇಳಿದರೂ, 2016ರ ಆಗಸ್ಟ್‌ನಲ್ಲಿ ಕೇಂದ್ರದ ಭೌಗೋಳಿಕ ನಾಮಕರಣ ಮಂಡಳಿ ಅದನ್ನು ಬ್ಲ್ಯಾಕ್ ಎಲ್ಕ್ ಶಿಖರ ಎಂದು ಘೋಷಿಸಿತು. ಬ್ಲ್ಯಾಕ್ ಎಲ್ಕ್ 1950ರಲ್ಲಿ ತೀರಿಕೊಂಡ ಓಗ್ಲಾಲಾ ಸಂತ. ಶಿಖರದ ಹೆಸರು ಮೇಲಿನಿಂದ ಬಂತು, ಕೌಂಟಿಯ ಹೆಸರು ಮನೆಯೊಳಗಿನಿಂದ ಬಂತು. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಹೆಸರಿನಿಂದ ಹೊಟ್ಟೆ ತುಂಬುವುದೇ?

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಓಗ್ಲಾಲಾ ಲಕೋಟಾ ಕೌಂಟಿಯ ವಿಸ್ತಾರ ಸುಮಾರು 5,400 ಚದರ ಕಿಲೋಮೀಟರ್. 2020ರ ಜನಗಣತಿಯಂತೆ ಜನಸಂಖ್ಯೆ 13,672. ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಮೂಲನಿವಾಸಿಗಳು. ಹುಲ್ಲುಗಾವಲು, ಮಳೆಗಾಳಿಗೆ ಸವೆದ ಬ್ಯಾಡ್‌ಲ್ಯಾಂಡ್ಸ್ ಎಂಬ ಮಣ್ಣುಗುಡ್ಡಗಳು, ದೂರದೂರದ ಹಳ್ಳಿಗಳು. ದೇಶದ ಅತಿ ಬಡ ಕೌಂಟಿಗಳ ಪಟ್ಟಿಯಲ್ಲಿ ಇದರ ಹೆಸರು ತಪ್ಪಿದ್ದಿಲ್ಲ. 2014ರ ಅಂಕಿಅಂಶ ಆಧರಿಸಿದ ಅಧ್ಯಯನವೊಂದರ ಪ್ರಕಾರ ಇಲ್ಲಿನ ಸರಾಸರಿ ಆಯುಷ್ಯ ಸುಮಾರು 67 ವರ್ಷ, ಇಡೀ ಅಮೆರಿಕದ ಕೌಂಟಿಗಳಲ್ಲೇ ಅತಿ ಕಡಿಮೆ. ಕೌಂಟಿಗೆ ಸ್ವಂತ ಆಡಳಿತ ಕೇಂದ್ರವೂ ಇಲ್ಲ. ಕಚೇರಿಯ ಕೆಲಸಗಳು ಒಪ್ಪಂದದ ಮೇರೆಗೆ ಫಾಲ್ ರಿವರ್ ಕೌಂಟಿಯ ಹಾಟ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ನಡೆಯುತ್ತವೆ. ಹೊಸ ಹೆಸರು ಬಂದ ಮಾತ್ರಕ್ಕೆ ಇವು ಯಾವುದೂ ಬದಲಾಗಲಿಲ್ಲ.

ಆದರೆ ಹೆಸರು ಒಂಟಿಯಾಗಿ ಬರಲಿಲ್ಲ ಎಂಬುದೂ ಅಷ್ಟೇ ನಿಜ. ಅದರ ಹಿಂದೆ ತಮ್ಮದನ್ನು ತಾವೇ ಕಟ್ಟಿಕೊಳ್ಳುವ ಹಲವು ವರ್ಷಗಳ ಪ್ರಯತ್ನವಿತ್ತು. ದೂರದ ಊರಿಗೆ ಹೋಗಿ ಓದಲಾಗದ ತರುಣರಿಗಾಗಿ ಬುಡಕಟ್ಟು ಆಡಳಿತ 1971ರಲ್ಲಿ ಸ್ವಂತ ಕಾಲೇಜು ತೆರೆಯಿತು. ಇಂದು ಅದು ಓಗ್ಲಾಲಾ ಲಕೋಟಾ ಕಾಲೇಜ್. ಅಲ್ಲಿ ಲಕೋಟಾ ಭಾಷೆ, ಚರಿತ್ರೆಗಳೂ ಪಾಠದ ವಿಷಯಗಳು. ಪಾರ್ಕ್ಯುಪೈನ್ ಎಂಬ ಹಳ್ಳಿಯಿಂದ ‘ಕೀಲಿ’ ಎಂಬ ಬಾನುಲಿ ಕೇಂದ್ರ 1983ರಿಂದ ಜನರಿಗೆ ಅವರ ಮಾತನ್ನು ಕೇಳಿಸುತ್ತಿದೆ. ಕಾಲೇಜು ಮೊದಲು, ಮತದ ಹಕ್ಕು ಆಮೇಲೆ, ಕೌಂಟಿಯ ಹೆಸರು ಕೊನೆಗೆ. ಈ ಕ್ರಮ ಅರ್ಥಪೂರ್ಣವಾಗಿದೆ.

ಪಾಲಕರು ಮಕ್ಕಳಿಗೆ ಭೂಗೋಳ ಹೇಳಿಕೊಡುವಾಗ ಊರು, ನದಿ, ರಾಜಧಾನಿಗಳ ಹೆಸರನ್ನು ಬಾಯಿಪಾಠ ಮಾಡಿಸುವುದುಂಟು. ಅದು ಬೇಕು. ಜೊತೆಗೆ ಮಗು ‘ಈ ಹೆಸರು ಇಟ್ಟವರು ಯಾರು?’ ಎಂದು ಕೇಳಿದರೆ ಸುಮ್ಮನಾಗಿಸಬಾರದು. 1875ರಲ್ಲಿ ಆ ಪ್ರಶ್ನೆಗೆ ಉತ್ತರ ಒಂದು ದೂರದ ಶಾಸನಸಭೆ. 2014ರಲ್ಲಿ ಉತ್ತರ ಅಲ್ಲಿ ಬಾಳುತ್ತಿರುವ ಜನ. ಆ ಎರಡು ಉತ್ತರಗಳ ನಡುವೆ ಒಂದು ಒಪ್ಪಂದ, ಒಂದು ಹತ್ಯಾಕಾಂಡ, ಹಲವು ನ್ಯಾಯಾಲಯಗಳು, ಕೊನೆಗೆ ಒಂದು ಮತಪತ್ರ ಇವೆ. ಕೌಂಟಿಯ ಹೆಸರನ್ನು ಬದಲಿಸಿದ್ದು ಆ ಮತಪತ್ರ. ಅದು ಕೈಗೆ ಬರಲು ಹಿಡಿದ ಕಾಲವೇ ಈ ಕಥೆಯ ನಿಜವಾದ ಉದ್ದ.